ಕುಡಿತ ಬಿಟ್ಟವರಿಗೆ ಕನ್ನಡದ ಆ್ಯಪ್ ಬೇಕು

ಮಾನ್ಯರೇ,

ಕುಡಿತ ಬಿಡಿಸುವ ಚಿಕಿತ್ಸೆ ಮುಗಿಸಿ ಊರಿಗೆ ಮರಳಿದವರನ್ನು ಮುಂದೆ ವಿಚಾರಿಸುವವರು ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಕಡಿಮೆ. ಟೊಮೆಟೊ ಮಂಡಿಯಲ್ಲಿ ಕೂಲಿ ಎಣಿಸಿಕೊಂಡು ಹೊರಟವನಿಗೆ ಮನೆಗಿಂತ ಮೊದಲು ಎದುರಾಗುವುದು ಮದ್ಯದಂಗಡಿ. ಆ ಅರ್ಧ ಗಂಟೆಯನ್ನು ದಾಟಿಸುವ ನೆರವು ಅವನ ಜೇಬಿನ ಮೊಬೈಲ್‌ನಲ್ಲೇ ಇರಬಹುದಲ್ಲವೇ?

ಇಂತಹ ಆ್ಯಪ್‌ಗಳು ಇಲ್ಲವೆಂದಲ್ಲ. ನಾನು ನೋಡಿದವು ಇಂಗ್ಲಿಷಿನಲ್ಲಿದ್ದವು. ಕುಡಿಯದ ದಿನಗಳನ್ನು ಎಣಿಸುವುದೇ ಅವುಗಳ ಮುಖ್ಯ ಕೆಲಸ. ನೂರು ದಿನ ತಡೆದುಕೊಂಡವನು ಒಂದು ಸಂಜೆ ಸೋತರೆ ಲೆಕ್ಕ ಸೊನ್ನೆಗೆ ಇಳಿಯುತ್ತದೆ. ಒಂದು ಬೆಳೆ ಕೈಕೊಟ್ಟಿತೆಂದು ರೈತನ ಹತ್ತು ವರ್ಷದ ಬೇಸಾಯವನ್ನು ಯಾರಾದರೂ ಸೊನ್ನೆ ಎನ್ನುತ್ತಾರೆಯೇ? ಮದ್ಯವ್ಯಸನದಲ್ಲಿ ಮರುಕಳಿಕೆ ಸಾಮಾನ್ಯ ಎಂಬುದು ವೈದ್ಯರಿಗೆ ಗೊತ್ತಿರುವ ಸಂಗತಿ. ಅವಮಾನವಾದವನು ಆ್ಯಪ್ ಅಳಿಸಿಹಾಕಿ ಮತ್ತೆ ಬಾಟಲಿಯತ್ತಲೇ ನಡೆಯುತ್ತಾನೆ.

ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿರುವ ನಿಮ್ಹಾನ್ಸ್ ಪಕ್ಕದ ಬೆಂಗಳೂರಿನಲ್ಲೇ ಇದೆ. ಆರೋಗ್ಯ ಇಲಾಖೆ ಅಲ್ಲಿನ ತಜ್ಞರ ಸಲಹೆ ಪಡೆದು, ಓದು ಬಾರದವರೂ ಬಳಸಬಹುದಾದ, ಧ್ವನಿಯಲ್ಲೇ ಮಾತನಾಡುವ ಆ್ಯಪ್ ರೂಪಿಸಲಿ. ಕನ್ನಡದ ಜತೆಗೆ ತೆಲುಗೂ ಇರಲಿ. ನಮ್ಮ ಗಡಿ ಹಳ್ಳಿಗಳ ಮನೆಮಾತು ಅದು. ಹೆಸರು, ವಿಳಾಸ ಕೇಳದಿರಲಿ. ಒಂದೇ ಗುಂಡಿ ಒತ್ತಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಹೋಗಬೇಕು. ಬಹುಕಾಲ ವಿಪರೀತ ಕುಡಿದವರು ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವಿದೆ. ಆದ್ದರಿಂದ ಮೊದಲು ವೈದ್ಯರನ್ನು ಕಾಣಿರಿ ಎಂಬ ಎಚ್ಚರಿಕೆ ಆ್ಯಪ್ ತೆರೆದ ಕೂಡಲೇ ಕೇಳಿಸಲಿ.

– ಓದುಗ, ಶ್ರೀನಿವಾಸಪುರ