ಬ್ರಸೆಲ್ಸ್‌ನ ಕಾಮಿಕ್ಸ್ ವಸ್ತುಸಂಗ್ರಹಾಲಯವನ್ನು ತೋರಿಸದೆಯೇ ಪ್ರವೇಶ ಶುಲ್ಕ ಪಡೆದಿರುವ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ,
ಪ್ರವಾಸ ಸಂಸ್ಥೆಯ ಪ್ರಧಾನ ಕಚೇರಿ, ಬೆಂಗಳೂರು

ವಿಷಯ: ಪಶ್ಚಿಮ ಯುರೋಪ್ ಗುಂಪು ಪ್ರವಾಸದ ಬ್ರಸೆಲ್ಸ್ ಭೇಟಿಯಲ್ಲಿ ಆದ ಸೇವಾ ನ್ಯೂನತೆ, ಹಣ ಮರುಪಾವತಿ ಮತ್ತು ನಿಮ್ಮ ಪ್ರವಾಸ ಪುಸ್ತಿಕೆಯ ತಿದ್ದುಪಡಿ ಕೋರಿ.

ಮಾನ್ಯರೇ,

ಕಳೆದ ಮೇ ತಿಂಗಳಿನಲ್ಲಿ ನಾನು, ನನ್ನ ಪತಿ ಮತ್ತು ಚಿತ್ರಕಲಾ ಪದವಿ ಓದುತ್ತಿರುವ ನಮ್ಮ ಮಗಳು ನಿಮ್ಮ ಸಂಸ್ಥೆಯ ಮೂಲಕ ಯುರೋಪ್ ಪ್ರವಾಸ ಮಾಡಿದೆವು. ನಾನು ಹುಬ್ಬಳ್ಳಿಯ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕಿ. ಯುರೋಪಿಗೆ ಕರೆದೊಯ್ಯುವ ಸಂಸ್ಥೆಗಳು ಬೇಕಾದಷ್ಟಿವೆ, ನಿಮಗಿಂತ ಕಡಿಮೆ ದರದವೂ ಇವೆ. ಅವುಗಳ ಪಟ್ಟಿಯಲ್ಲಿ ಬ್ರಸೆಲ್ಸ್ ಎಂದರೆ ಗ್ರಾಂಡ್ ಪ್ಲಾಸ್ ಚೌಕ, ಮೂತ್ರ ಮಾಡುತ್ತಿರುವ ಹುಡುಗನ ಪುಟ್ಟ ಪ್ರತಿಮೆ, ದೂರದಿಂದ ಅಟೋಮಿಯಂ, ಕೊನೆಗೊಂದು ಚಾಕೊಲೇಟ್ ಅಂಗಡಿ, ಅಷ್ಟೇ. ನಿಮ್ಮ ಪುಸ್ತಿಕೆಯಲ್ಲಿ ಮಾತ್ರ ‘ಬೆಲ್ಜಿಯನ್ ಕಾಮಿಕ್ ಸ್ಟ್ರಿಪ್ ಸೆಂಟರ್ ಭೇಟಿ, ಪ್ರವೇಶ ಶುಲ್ಕ ಸೇರಿದೆ’ ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ಆ ಒಂದು ಸಾಲನ್ನು ನಂಬಿ ನಿಮ್ಮಲ್ಲಿ ಹಣ ಕಟ್ಟಿದೆವು. ಮುಂಗಡ ಕೊಡುವ ಮುನ್ನ ನಿಮ್ಮ ಕಚೇರಿಗೆ ದೂರವಾಣಿ ಮಾಡಿ, ಒಳಗಿನ ಪ್ರದರ್ಶನಗಳನ್ನು ನೋಡಲು ಸಮಯ ಸಿಗುತ್ತದೆಯೇ ಎಂದು ಕೇಳಿದ್ದೆ. ಧಾರಾಳವಾಗಿ ಸಿಗುತ್ತದೆ ಎಂದಿದ್ದರು.

ನಡೆದದ್ದು ಬೇರೆ. ಪ್ಯಾರಿಸ್‌ನಿಂದ ಬೆಳಿಗ್ಗೆ ಹೊರಟು ಬ್ರಸೆಲ್ಸ್ ಸೇರಿದೆವು. ಚೌಕವನ್ನೂ ಪ್ರತಿಮೆಯನ್ನೂ ನೋಡಿದ್ದಾಯಿತು. ಆಮೇಲೆ ಒಂದು ಚಾಕೊಲೇಟ್ ಅಂಗಡಿಗೆ ಕರೆದೊಯ್ದು ಗಂಟೆಗೂ ಹೆಚ್ಚು ಹೊತ್ತು ನಿಲ್ಲಿಸಿದರು. ಬೇಗ ಹೊರಡೋಣವೆಂದು ನಾವೂ, ಗುಂಪಿನ ಇನ್ನೂ ಕೆಲವರೂ ಕೇಳಿಕೊಂಡರೂ ಟೂರ್ ಮ್ಯಾನೇಜರ್ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ರೂ ದೆ ಸಾಬ್ಲ್ ಬೀದಿಯ ವಸ್ತುಸಂಗ್ರಹಾಲಯ ತಲುಪಿದಾಗ, ಅರ್ಧ ಗಂಟೆಯೊಳಗೆ ಬಸ್ಸಿನಲ್ಲಿರಬೇಕು ಎಂದರು. ಒಳಗೆ ಹೋದದ್ದು ನೆಲಮಹಡಿಯ ಹಜಾರಕ್ಕೆ. ಅಲ್ಲಿ ಬೆಲ್ಜಿಯಂನ ಪ್ರಸಿದ್ಧ ಕಾಮಿಕ್ಸ್ ನಾಯಕ ಟಿನ್‌ಟಿನ್‌ನ ಕೆಂಪು-ಬಿಳಿ ಚೌಕುಳಿಯ ರಾಕೆಟ್ ಇದೆ, ಪುಸ್ತಕದ ಅಂಗಡಿ ಇದೆ, ಉಪಾಹಾರ ಗೃಹ ಇದೆ. ‘ಇದೇ ಮ್ಯೂಸಿಯಂ, ಫೋಟೋ ತೆಗೆದುಕೊಳ್ಳಿ’ ಎಂದು ಹೇಳಿ ಟೂರ್ ಮ್ಯಾನೇಜರ್ ಹೊರಗೆ ಹೋದರು. ಗುಂಪಿನವರು ರಾಕೆಟ್ಟಿನ ಮುಂದೆ ಸರದಿಯಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ವಸ್ತುಸಂಗ್ರಹಾಲಯ ನೋಡಿದೆವು ಎಂದೇ ಅವರಲ್ಲಿ ಬಹಳ ಮಂದಿ ಈಗಲೂ ತಿಳಿದಿದ್ದಾರೆ.

ನನ್ನ ದೂರಿನ ತಿರುಳು ಇದು: ಆ ಹಜಾರಕ್ಕೆ ಟಿಕೆಟ್ ಬೇಕಿಲ್ಲ. ಬೀದಿಯಲ್ಲಿ ಹೋಗುವ ಯಾರು ಬೇಕಾದರೂ ಒಳಗೆ ಬಂದು ರಾಕೆಟ್ ನೋಡಬಹುದು, ಕಾಫಿ ಕುಡಿಯಬಹುದು, ಪುಸ್ತಕ ಕೊಳ್ಳಬಹುದು. ಟಿಕೆಟ್ ಬೇಕಾಗುವುದು ಮೇಲಿನ ಮಹಡಿಗಳಿಗೆ. ವಸ್ತುಸಂಗ್ರಹಾಲಯ ಇರುವುದೇ ಅಲ್ಲಿ. ಕಾಮಿಕ್ಸ್ ಹುಟ್ಟಿದ ಬಗೆ, ಕಥೆಯ ಕರಡಿನಿಂದ ಅಚ್ಚಿನ ಪುಟದವರೆಗಿನ ಹಂತಗಳು, ಸ್ಮರ್ಫ್‌ಗಳೆಂಬ ಪುಟ್ಟ ನೀಲಿ ಜೀವಿಗಳ ಸೃಷ್ಟಿಕರ್ತ ಪೇಯೋನಂತಹ ಕಲಾವಿದರ ಕೆಲಸ, ಮೂಲ ಚಿತ್ರಪುಟಗಳು ಎಲ್ಲವೂ ಮೇಲಿವೆ. ಪ್ರವೇಶ ಶುಲ್ಕ ಸೇರಿದೆ ಎಂದು ನಮ್ಮಿಂದ ಹಣ ಪಡೆದ ನೀವು ಪ್ರವೇಶ ಶುಲ್ಕವೇ ಇಲ್ಲದ ಜಾಗದಲ್ಲಿ ನಮ್ಮನ್ನು ನಿಲ್ಲಿಸಿ ವಾಪಸು ಕರೆತಂದಿದ್ದೀರಿ. ಟಿಕೆಟ್ ಕೌಂಟರಿನಲ್ಲಿ ವಿಚಾರಿಸಿದಾಗ ನಮ್ಮ ಗುಂಪಿನ ಹೆಸರಿನಲ್ಲಿ ಯಾವ ಕಾಯ್ದಿರಿಸುವಿಕೆಯೂ ಇರಲಿಲ್ಲ. ವಸ್ತುಸಂಗ್ರಹಾಲಯದ ಸಿಬ್ಬಂದಿಯ ಮೇಲೆ ನನ್ನದು ಯಾವ ಆಕ್ಷೇಪವೂ ಇಲ್ಲ. ಅವರು ಸೌಜನ್ಯದಿಂದಲೇ ನಡೆದುಕೊಂಡರು.

ಆ ಕಟ್ಟಡದ ಬಗ್ಗೆಯಾದರೂ ಯಾರಾದರೂ ನಮಗೆ ಒಂದು ಮಾತು ಹೇಳಬೇಕಿತ್ತು. ಅದು ವಿಕ್ಟರ್ ಓರ್ತಾ ಎಂಬ ಮಹಾನ್ ವಾಸ್ತುಶಿಲ್ಪಿ ವೋಕೆ ಎಂಬ ಬಟ್ಟೆಯ ಸಗಟು ವ್ಯಾಪಾರಿಗಾಗಿ ಕಟ್ಟಿದ ಮಳಿಗೆ, 1906ರಲ್ಲಿ ತೆರೆಯಿತು. ಮೇಲೆ ಗಾಜಿನ ಚಾವಣಿ, ಕೆಳಗೆ ತೆಳ್ಳನೆಯ ಕಬ್ಬಿಣದ ಕಂಬಗಳು, ಅಗಲವಾದ ಕಲ್ಲಿನ ಮೆಟ್ಟಿಲು. ಬೆಳಕು ಕೆಳಮಹಡಿಯವರೆಗೂ ಇಳಿಯುತ್ತದೆ. ಓರ್ತಾ ಕಟ್ಟಿದ ದೊಡ್ಡ ಮಳಿಗೆಗಳಲ್ಲಿ ಒಂದು 1967ರ ಬೆಂಕಿಯಲ್ಲಿ ಸುಟ್ಟು ಹೋಯಿತು, ಅವನು ಕಾರ್ಮಿಕರ ಪಕ್ಷಕ್ಕಾಗಿ ಕಟ್ಟಿದ ‘ಜನತೆಯ ಮನೆ’ ಎಂಬ ಭವನವನ್ನು ಅದಕ್ಕೂ ಮುನ್ನ ಕೆಡವಿ ಹಾಕಿದರು. ಈ ಮಳಿಗೆಯೂ ವ್ಯಾಪಾರ ನಿಂತ ಮೇಲೆ ಪಾಳು ಬಿದ್ದಿತ್ತು. 1975ರಲ್ಲಿ ಸಂರಕ್ಷಿತ ಸ್ಮಾರಕವಾಗಿ, ಆಮೇಲೆ ದುರಸ್ತಿಯಾಗಿ, 1989ರ ಅಕ್ಟೋಬರಿನಲ್ಲಿ ಕಾಮಿಕ್ಸ್ ಕಲೆಯ ಮನೆಯಾಗಿ ಬಾಗಿಲು ತೆರೆಯಿತು. ಇಂತಹ ಕಟ್ಟಡದೊಳಗೆ ನಿಂತಿದ್ದೇವೆ ಎಂಬುದು ನಮ್ಮ ಗುಂಪಿನ ಒಬ್ಬರಿಗೂ ಗೊತ್ತಾಗಲಿಲ್ಲ.

ಉಳಿದ ಅಲ್ಪ ಸಮಯದಲ್ಲಿ ನಾನೂ ಮಗಳೂ ಸ್ವಂತ ಹಣದಿಂದ ಟಿಕೆಟ್ ಕೊಂಡು ಮೇಲೆ ಓಡಿದೆವು. ಮಂದ ಬೆಳಕಿನಲ್ಲಿ ಗಾಜಿನ ಹಿಂದೆ ಇಟ್ಟಿದ್ದ ಒಂದು ಮೂಲ ಪುಟದ ಮುಂದೆ ನಿಂತೆವು. ಅಚ್ಚಾದ ಪುಸ್ತಕದ ಪುಟಕ್ಕಿಂತ ಅದು ಬಹಳ ದೊಡ್ಡದು. ಕಪ್ಪು ಮಸಿಯ ಗೆರೆಗಳ ಅಡಿಯಲ್ಲಿ ತಿಳಿನೀಲಿ ಪೆನ್ಸಿಲ್‌ನ ಕರಡು ಗೆರೆಗಳು ಹಾಗೆಯೇ ಉಳಿದಿದ್ದವು. ಅಚ್ಚಿಗೆ ಕಳಿಸುವಾಗ ತೆಗೆಯುವ ಛಾಯಾಚಿತ್ರದಲ್ಲಿ ಆ ನೀಲಿ ಮೂಡುವುದಿಲ್ಲವಾದ್ದರಿಂದ ಕಲಾವಿದರು ಅದನ್ನು ಅಳಿಸುವ ಗೋಜಿಗೆ ಹೋಗುತ್ತಿರಲಿಲ್ಲ. ಒಂದು ಚೌಕದಲ್ಲಿ ಓಡುತ್ತಿರುವವನ ತೋಳನ್ನು ಬಿಳಿ ಬಣ್ಣದಿಂದ ಮುಚ್ಚಿ, ಅದರ ಮೇಲೆ ಹೊಸ ತೋಳು ಬರೆದಿದ್ದರು. ಹಳೆಯ ತೋಳು ಬಿಳಿಯ ಕೆಳಗೆ ಮಸುಕಾಗಿ ಕಾಣುತ್ತಿತ್ತು. ಮಾತಿನ ಗುಳ್ಳೆಯ ಅಕ್ಷರಗಳನ್ನು ಬೇರೆ ಚೀಟಿಯಲ್ಲಿ ಬರೆದು ಅಂಟಿಸಿದ್ದರು, ಅಂಟು ಹಳದಿಗಟ್ಟಿ ಅಂಚಿನಿಂದ ಹೊರಗೆ ಬಂದಿತ್ತು. ಮಗಳು ಬಾಗಿ ಆ ತೋಳನ್ನೇ ನೋಡುತ್ತಿದ್ದಳು. ‘ಅಮ್ಮ, ಇವರೂ ತಿದ್ದುತ್ತಿದ್ದರು’ ಎಂದಳು. ಅಷ್ಟರಲ್ಲಿ ಟೂರ್ ಮ್ಯಾನೇಜರ್ ಕರೆ ಬಂತು. ಆ ಪುಟ ಬರೆದವರ ಹೆಸರಿನ ಫಲಕವನ್ನು ಓದುವಷ್ಟು ಸಮಯವೂ ನಮಗೆ ಸಿಗಲಿಲ್ಲ.

ತರಗತಿಯಲ್ಲಿ ಎಷ್ಟೋ ವರ್ಷಗಳಿಂದ ಮಕ್ಕಳಿಗೆ ಚಿತ್ರಕಥೆ ಬರೆಯಲು ಕಲಿಸುತ್ತಿದ್ದೇನೆ. ಅಚ್ಚಾದ ಪುಟ ನೋಡಿದ ಮಗುವಿಗೆ ಕಾಣುವುದು ಒಂದೂ ತಪ್ಪಿಲ್ಲದ ಗೆರೆ. ತನ್ನ ಗೆರೆ ಹಾಗೆ ಬರುವುದಿಲ್ಲವೆಂದು ಅದು ಪೆನ್ಸಿಲ್ ಕೆಳಗಿಡುತ್ತದೆ. ಮೂಲ ಪುಟ ನೋಡಿದವನಿಗೆ ಕೆಲಸ ಕಾಣುತ್ತದೆ. ಕಾಗದವೂ ಮಸಿಯೂ ಬೆಳಕಿಗೆ ಬಾಡುತ್ತವೆ, ಅದಕ್ಕಾಗಿಯೇ ಇಂತಹ ಪುಟಗಳನ್ನು ಎಲ್ಲ ಕಾಲಕ್ಕೂ ತೂಗುಹಾಕದೆ ಆಗಾಗ ಬದಲಿಸುತ್ತಾರೆ. ಅಂದು ನಾವು ನೋಡಬಹುದಾಗಿದ್ದ ಪುಟಗಳು ಮುಂದೆ ಹೋದಾಗ ಅಲ್ಲಿರುತ್ತವೆ ಎಂಬ ಭರವಸೆಯಿಲ್ಲ. ‘ಇನ್ನೊಮ್ಮೆ ಹೋದಾಗ ನೋಡಬಹುದಲ್ಲ’ ಎಂದು ನಿಮ್ಮ ಪ್ರತಿನಿಧಿ ದೂರವಾಣಿಯಲ್ಲಿ ಹೇಳಿದ್ದು ನನಗೆ ಬಹಳ ನೋವು ತಂದಿತು. ಶಿಕ್ಷಕಿಯ ಸಂಬಳದಲ್ಲಿ ಉಳಿಸಿದ ಹಣದಿಂದ ಹೋದ ಪ್ರವಾಸ ಅದು.

ನಿಮ್ಮ ಇಮೇಲ್ ಉತ್ತರಕ್ಕೆ ಬರುತ್ತೇನೆ. ಯುರೋಪಿನಲ್ಲಿ ಬಸ್ ಚಾಲಕರ ಕೆಲಸದ ಅವಧಿಗೆ ಕಟ್ಟುನಿಟ್ಟಿನ ಕಾನೂನು ಇರುವುದರಿಂದ ಸಮಯ ಕಡಿತ ಮಾಡಬೇಕಾಯಿತು ಎಂದು ಬರೆದಿದ್ದೀರಿ. ಆ ಕಾನೂನು ನನಗೆ ಒಪ್ಪಿಗೆಯೇ, ಚಾಲಕರಿಗೆ ವಿಶ್ರಾಂತಿ ಸಿಗಲೇಬೇಕು. ಆದರೆ ಅದು 2006ರ ನಿಯಮ. ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿರಾಮ, ದಿನಕ್ಕೆ ಸಾಮಾನ್ಯವಾಗಿ 9 ಗಂಟೆಗಿಂತ ಹೆಚ್ಚು ಚಾಲನೆ ಇಲ್ಲ ಎಂಬುದು ನೀವು ಪುಸ್ತಿಕೆ ಅಚ್ಚು ಹಾಕುವ ಎಷ್ಟೋ ಮುಂಚೆಯೇ ಎಲ್ಲರಿಗೂ ತಿಳಿದಿರುವ ಸಂಗತಿ. ಪ್ಯಾರಿಸ್‌ನಿಂದ ಬ್ರಸೆಲ್ಸ್‌ಗೆ ಮುನ್ನೂರು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು, ಅಲ್ಲಿಂದ ಆಮ್ಸ್ಟರ್‌ಡ್ಯಾಮ್‌ಗೆ ಇನ್ನೂರಕ್ಕೆ ಸ್ವಲ್ಪ ಹೆಚ್ಚು. ಈ ದೂರವೂ ಅಂದು ಹಠಾತ್ತನೆ ಬೆಳೆದದ್ದಲ್ಲ. ಸಮಯ ಸಾಲದಿದ್ದರೆ ಕಡಿತವಾಗಬೇಕಾಗಿದ್ದದ್ದು ಪುಸ್ತಿಕೆಯಲ್ಲಿ ಎಲ್ಲಿಯೂ ಬರೆಯದ ಚಾಕೊಲೇಟ್ ಅಂಗಡಿ. ಬರೆದು, ಹಣ ಪಡೆದು, ಮಾತು ಕೊಟ್ಟ ವಸ್ತುಸಂಗ್ರಹಾಲಯವನ್ನೇ ಕಡಿತ ಮಾಡಿದ್ದೇಕೆ ಎಂಬುದಕ್ಕೆ ನಿಮ್ಮ ಇಮೇಲ್‌ನಲ್ಲಿ ಉತ್ತರವಿಲ್ಲ.

ಅದೇ ಇಮೇಲ್‌ನಲ್ಲಿ ‘ಭೇಟಿ’ ಎಂದರೆ ಸ್ಥಳಕ್ಕೆ ಹೋಗುವುದಷ್ಟೇ, ಹೋಗಿದ್ದೀರಿ ಎಂದೂ ಬರೆದಿದ್ದೀರಿ. ಪಕ್ಕದಲ್ಲೇ ‘ಪ್ರವೇಶ ಶುಲ್ಕ ಸೇರಿದೆ’ ಎಂದು ಅಚ್ಚಾಗಿರುವಾಗ ಈ ಸಮಜಾಯಿಷಿ ನಿಲ್ಲುವುದಿಲ್ಲ.

ಪುಸ್ತಿಕೆಯಲ್ಲಿ ಇನ್ನೊಂದು ದೋಷವಿದೆ. ಬ್ರಸೆಲ್ಸ್ ಪುಟದಲ್ಲಿ ನೀವು ಹಾಕಿರುವ ಬಿಳಿಯ ಆಧುನಿಕ ಕಟ್ಟಡದ ಚಿತ್ರ ಈ ಸಂಸ್ಥೆಯದೇ ಅಲ್ಲ. ಅದು ಲೂವೆನ್-ಲಾ-ನವ್ ಪಟ್ಟಣದಲ್ಲಿ 2009ರಲ್ಲಿ ತೆರೆದ ಎರ್ಜೆ ವಸ್ತುಸಂಗ್ರಹಾಲಯ, ಫ್ರಾನ್ಸಿನ ವಾಸ್ತುಶಿಲ್ಪಿ ಕ್ರಿಸ್ತಿಯಾನ್ ದ ಪೋರ್ಟ್‌ಜಂಪಾರ್ ವಿನ್ಯಾಸ ಮಾಡಿದ್ದು. ಅದು ಟಿನ್‌ಟಿನ್‌ನ ಜನಕ ಎರ್ಜೆ ಒಬ್ಬರಿಗೇ ಮೀಸಲು. ನೀವು ನಮ್ಮನ್ನು ಕರೆದೊಯ್ದದ್ದು ಬೆಲ್ಜಿಯಂನ ಎಲ್ಲ ಚಿತ್ರಕಥೆಗಾರರ ಮನೆಗೆ. ಎರಡೂ ಬೇರೆ ಬೇರೆ ಊರಿನಲ್ಲಿವೆ. ಗುಂಪಿನಲ್ಲಿದ್ದ ಒಬ್ಬ ಬಾಲಕ ಆ ಚಿತ್ರ ತೋರಿಸಿ, ಈ ಕಟ್ಟಡಕ್ಕೆ ಯಾವಾಗ ಹೋಗುತ್ತೇವೆ ಎಂದು ಬಸ್ಸಿನಲ್ಲಿ ಕೇಳುತ್ತಲೇ ಇದ್ದ. ಯಾವುದನ್ನು ಮಾರುತ್ತಿದ್ದೇವೆ ಎಂಬುದೇ ತಿಳಿಯದೆ ಮಾರಿದ್ದೀರಿ ಎಂಬುದಕ್ಕೆ ಆ ಚಿತ್ರ ಸಾಕ್ಷಿ.

ಟೂರ್ ಮ್ಯಾನೇಜರ್ ಆದ ಯುವಕನನ್ನು ನಾನು ಶಿಕ್ಷಿಸಲು ಕೇಳುತ್ತಿಲ್ಲ. ಊಟ, ಹೋಟೆಲ್, ಕಳೆದುಹೋದ ಚೀಲ, ವಯಸ್ಸಾದವರ ಔಷಧ ಎಲ್ಲವನ್ನೂ ಅವರು ಒಬ್ಬರೇ ನಿಭಾಯಿಸುತ್ತಿದ್ದರು. ಅವರಿಗೆ ನೀವು ಏನನ್ನೂ ಕಲಿಸಿಲ್ಲ ಎಂಬುದೇ ನನ್ನ ಬೇಸರ. ಆ ಪುಟ್ಟ ಪ್ರತಿಮೆ ಇರುವ ರೂ ದೆ ಲೆತ್ಯೂವ್ ಬೀದಿಯಲ್ಲೇ ಒಂದು ಮನೆಯ ಗೋಡೆಯ ಮೇಲೆ ಟಿನ್‌ಟಿನ್, ಅವನ ನಾಯಿ ಸ್ನೋಯಿ ಮತ್ತು ಗೆಳೆಯ ಕ್ಯಾಪ್ಟನ್ ಹ್ಯಾಡಾಕ್ ಮೆಟ್ಟಿಲಿಳಿದು ಬರುವ ದೊಡ್ಡ ಚಿತ್ರವಿದೆ. 1991ರಿಂದ ಬ್ರಸೆಲ್ಸ್ ನಗರದ ಗೋಡೆಗಳ ಮೇಲೆ ಹೀಗೆ ಚಿತ್ರಕಥೆಗಳ ದೃಶ್ಯಗಳನ್ನು ಬರೆಯುತ್ತಾ ಬಂದಿದ್ದಾರೆ, ನೋಡಲು ಕಾಸೂ ಬೇಕಿಲ್ಲ. ನಮ್ಮ ಇಡೀ ಗುಂಪು ಅದರ ಮುಂದೆಯೇ ಹಾದು ಹೋಯಿತು, ತಲೆಯೆತ್ತಿ ನೋಡಿ ಎಂದು ಹೇಳುವವರಿರಲಿಲ್ಲ. ಮಗಳು ಕಂಡು ತೋರಿಸಿದ ಮೇಲೆ ನಾಲ್ಕಾರು ಮಂದಿ ಹಿಂದಿರುಗಿ ನೋಡಿ ಸಂತೋಷಪಟ್ಟರು.

ಕಾಮಿಕ್ಸ್ ಎಂದರೆ ಮಕ್ಕಳಾಟ, ಅದಕ್ಕೆ ಅರ್ಧ ಗಂಟೆ ಸಾಕು ಎಂಬ ಭಾವನೆ ನಿಮ್ಮ ಕಚೇರಿಯಲ್ಲಿ ಇದ್ದಂತೆ ತೋರುತ್ತದೆ. ಫ್ರೆಂಚ್ ಮಾತನಾಡುವ ನಾಡುಗಳಲ್ಲಿ ಇದನ್ನು ಒಂಬತ್ತನೆಯ ಕಲೆ ಎಂದು ಗೌರವಿಸುತ್ತಾರೆ. 1929ರ ಜನವರಿಯಲ್ಲಿ ಒಂದು ಪತ್ರಿಕೆಯ ಮಕ್ಕಳ ಪುರವಣಿಯಲ್ಲಿ ಟಿನ್‌ಟಿನ್ ಹೊರಟ. 1938ರಲ್ಲಿ ‘ಸ್ಪಿರೂ’ ವಾರಪತ್ರಿಕೆ ಬಂತು, 1958ರಲ್ಲಿ ಅದರ ಪುಟಗಳಲ್ಲಿ ಸ್ಮರ್ಫ್‌ಗಳು ಹುಟ್ಟಿದವು. ಅಷ್ಟು ಚಿಕ್ಕ ದೇಶದಿಂದ ಇಷ್ಟು ಬಂದದ್ದು ಹೇಗೆಂದು ತಿಳಿಯಲು ಜನ ಅಲ್ಲಿಗೆ ಹೋಗುತ್ತಾರೆ. ನಮ್ಮವರಿಗೂ ಇದು ಹೊಸತಲ್ಲ. ಅಮರ ಚಿತ್ರಕಥೆಯನ್ನು ಭಾರತದ ಮನೆಮನೆಗೆ ಮುಟ್ಟಿಸಿದ ಅನಂತ ಪೈ ಹುಟ್ಟಿದ್ದು ನಮ್ಮ ಕಾರ್ಕಳದಲ್ಲಿ. ಅದನ್ನು ಓದಿ ಬೆಳೆದ ತಲೆಮಾರಿನವರು ಈಗ ನಿಮ್ಮ ಪ್ರವಾಸಗಳಿಗೆ ಹಣ ಕಟ್ಟುವ ವಯಸ್ಸಿನವರು. ಅವರನ್ನು ಮೇಲಿನ ಮಹಡಿಗೆ ಕರೆದೊಯ್ದಿದ್ದರೆ ಎಷ್ಟೋ ಮಂದಿ ಅಲ್ಲಿಂದ ಕದಲುತ್ತಿರಲಿಲ್ಲ.

ಆದ್ದರಿಂದ ನನ್ನ ಕೋರಿಕೆಗಳನ್ನು ಸ್ಪಷ್ಟವಾಗಿ ತಿಳಿಸುತ್ತೇನೆ. ನಮ್ಮ ಕುಟುಂಬದ ಮೂವರಿಂದ ಪಡೆದ ಪ್ರವೇಶ ಶುಲ್ಕವನ್ನೂ, ನಾವು ಅಲ್ಲಿ ಸ್ವತಃ ಕೊಂಡ ಎರಡು ಟಿಕೆಟ್‌ಗಳ ಹಣವನ್ನೂ ಹಿಂದಿರುಗಿಸಬೇಕು. ಕೊಟ್ಟ ಮಾತಿನಂತೆ ಸೇವೆ ಒದಗಿಸದ್ದಕ್ಕೆ 30,000 ರೂಪಾಯಿ ಪರಿಹಾರ ಕೊಡಬೇಕು. ಇಮೇಲ್‌ನಲ್ಲಿ ಕಳಿಸಿರುವ ಮುಂದಿನ ಪ್ರವಾಸದ ರಿಯಾಯಿತಿ ಕೂಪನ್ ನನಗೆ ಬೇಡ, ಅದನ್ನು ರದ್ದು ಮಾಡಿ. ಗುಂಪಿನ ಉಳಿದವರಿಗೂ ಪ್ರವೇಶ ಶುಲ್ಕ ಹಿಂದಿರುಗಿಸಿ, ಕಾರಣ ತಿಳಿಸಿ ಪತ್ರ ಬರೆಯಬೇಕು. ದೂರು ಕೊಡದವರ ಹಣ ಇಟ್ಟುಕೊಳ್ಳುವುದು ನ್ಯಾಯವಲ್ಲ. ಪುಸ್ತಿಕೆಯ ತಪ್ಪು ಚಿತ್ರವನ್ನು ತೆಗೆದು, ಒಳಗಿನ ಪ್ರದರ್ಶನಗಳಿಗೆ ಕನಿಷ್ಠ ಎರಡು ಗಂಟೆ ಕೊಡುತ್ತೇವೆ ಎಂದು ಅಚ್ಚು ಹಾಕಿ, ಹಾಗೆಯೇ ನಡೆಸಿ. ಅದು ಆಗದಿದ್ದರೆ ಆ ಸಾಲನ್ನೇ ತೆಗೆದುಹಾಕಿ.

ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಇದು ಸೇವಾ ನ್ಯೂನತೆ. ಪುಸ್ತಿಕೆಯ ಸಾಲೂ ಚಿತ್ರವೂ ದಾರಿ ತಪ್ಪಿಸುವ ಜಾಹೀರಾತು. ದೂರು ಸಲ್ಲಿಸಲು ಎರಡು ವರ್ಷಗಳ ಅವಕಾಶವಿದೆ, ಗ್ರಾಹಕರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಹೂಡಬಹುದು. ಈ ಪತ್ರ ತಲುಪಿದ 30 ದಿನಗಳೊಳಗೆ ಲಿಖಿತ ಉತ್ತರ ಬರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ನಮ್ಮ ಗುಂಪಿನ ಇನ್ನೂ ಕೆಲವರು ಜೊತೆಗೂಡಲು ಸಿದ್ಧರಿದ್ದಾರೆ.

ಪುಸ್ತಿಕೆಯ ಸಂಬಂಧಪಟ್ಟ ಪುಟ, ಹಣ ಪಾವತಿಯ ರಸೀದಿ, ವಸ್ತುಸಂಗ್ರಹಾಲಯದಲ್ಲಿ ನಾವು ಕೊಂಡ ಟಿಕೆಟ್‌ಗಳು ಮತ್ತು ನಿಮ್ಮ ಇಮೇಲ್‌ನ ಪ್ರತಿಗಳನ್ನು ಲಗತ್ತಿಸಿದ್ದೇನೆ. ಮೂಲ ದಾಖಲೆಗಳು ನನ್ನ ಬಳಿ ಇವೆ.

ಇಂತಿ ತಮ್ಮ ವಿಶ್ವಾಸಿ,
ಚಿತ್ರಕಲಾ ಶಿಕ್ಷಕಿ, ಹುಬ್ಬಳ್ಳಿ
(ಹೆಸರು, ವಿಳಾಸ ಮತ್ತು ಬುಕಿಂಗ್ ಸಂಖ್ಯೆ ಲಗತ್ತಿಸಿದ ರಸೀದಿಯಲ್ಲಿವೆ)