ನಾಯಿ ಕುಂಟಿದ್ರೆ 'ವಯಸ್ಸಾಯ್ತು' ಅಂತ ಬಿಡಬೇಡಿ

ಸಂಪಾದಕರೇ,

ಪೇಪರಲ್ಲಿ ನಾಯಿ ಸುದ್ದಿ ಅಂದ್ರೆ ಕಚ್ಚಿದ್ದು, ಇಲ್ಲ ರೇಬೀಸ್ ಲಸಿಕೆ. ಅದೂ ಬೇಕು ಬಿಡಿ, ಆದ್ರೆ ಸಾಕಿರೋ ನಾಯಿಗೆ ಕೀಲುನೋವು ಬಂದ್ರೆ ಹೇಗೆ ಗೊತ್ತಾಗುತ್ತೆ ಅಂತ ಬರೆಯೋರು ಕಮ್ಮಿ. ನಾಯಿ ಮೆಟ್ಟಿಲು ಹತ್ತಲ್ಲ ಅಂದ್ರೆ ಸಿಗೋ ಉತ್ತರ ಒಂದೇ, "ವಯಸ್ಸಾಯ್ತಲ್ಲ". ವಯಸ್ಸು ಕಾಯಿಲೆ ಅಲ್ಲ ಸ್ವಾಮಿ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಥರದ ದೊಡ್ಡ ತಳಿಗಳಲ್ಲಿ ಸೊಂಟದ ಕೀಲು ಸರಿಯಾಗಿ ಕೂರದೇ ಇರೋ ಹಿಪ್ ಡಿಸ್‌ಪ್ಲೇಸಿಯಾ ಮರಿ ಇದ್ದಾಗ್ಲೇ ಶುರುವಾಗುತ್ತೆ, ಓಡುವಾಗ ಹಿಂದಿನ ಎರಡೂ ಕಾಲನ್ನ ಮೊಲದ ಥರ ಒಟ್ಟಿಗೆ ಎತ್ತಿ ಹಾಕುತ್ತೆ, ನಾವು ಎಷ್ಟು ಮುದ್ದು ಅಂತ ಸ್ಟೇಟಸ್ ಹಾಕ್ತೀವಿ. ಪೊಮೆರೇನಿಯನ್‌ನಂಥ ಚಿಕ್ಕವಕ್ಕೆ ಮಂಡಿಚಿಪ್ಪು ಜಾರೋ ಕಾಟ, ನಾಲ್ಕು ಹೆಜ್ಜೆ ಒಂದು ಕಾಲು ಎತ್ಕೊಂಡು ಕುಪ್ಪಳಿಸಿ ಆಮೇಲೆ ಏನೂ ಆಗದೇ ಇರೋ ಥರ ಓಡ್ತವೆ.

ನೋವಾದ್ರೆ ಕುಂಯ್ ಅನ್ನುತ್ತೆ ಅಂತ ಕಾಯ್ಬೇಡಿ, ಎಷ್ಟೋ ನಾಯಿಗಳು ಸುಮ್ನೆ ನುಂಗ್ಕೊಂಡು ಇರ್ತವೆ. ಬೆಳಿಗ್ಗೆ ಏಳೋದನ್ನ ನೋಡಿ: ಮುಂಗಾಲೂರಿ ಮೈ ಎಳ್ಕೊಳ್ಳುತ್ತೆ, ಹಿಂಗಾಲು ಟೈಲ್ಸ್ ಮೇಲೆ ಜಾರುತ್ತೆ, ಎದ್ದು ಒಂದು ಗಳಿಗೆ ಹಾಗೇ ನಿಲ್ಲುತ್ತೆ, ಸ್ವಲ್ಪ ನಡೆದ ಮೇಲೆ ಸಲೀಸಾಗುತ್ತೆ. ನೋವಿರೋದು ಮುಂಗಾಲಲ್ಲಾದ್ರೆ ಆ ಕಾಲು ನೆಲಕ್ಕಿಟ್ಟಾಗೆಲ್ಲಾ ತಲೆ ಮೇಲಕ್ಕೆ ಹೋಗುತ್ತೆ. ಒಂದೇ ಕೀಲನ್ನ ನೆಕ್ಕೀ ನೆಕ್ಕೀ ಕೂದಲು ಕಂದು ಬಣ್ಣಕ್ಕೆ ತಿರುಗಿರುತ್ತೆ, ತೊಡೆ ಸಣ್ಣಗಾಗಿರುತ್ತೆ, ಮುಟ್ಟಿದ್ರೆ ಗುರ್ ಅನ್ನುತ್ತೆ. ಇದನ್ನ ಮನೇಲೇ ಮೊಬೈಲಲ್ಲಿ ವಿಡಿಯೋ ಮಾಡ್ಕೊಂಡು ಹೋಗಿ, ಯಾಕಂದ್ರೆ ಡಾಕ್ಟರ್ ಮುಂದೆ ಹೆದರಿಕೆಗೋ ಏನೋ ಚೆನ್ನಾಗೇ ನಡೆದು ನಮ್ಮ ಮಾನ ಕಳೀತವೆ.

ದಯವಿಟ್ಟು ಮನೇಲಿರೋ ನೋವಿನ ಮಾತ್ರೆ ಕೊಡಬೇಡಿ. ಐಬುಪ್ರೊಫೆನ್, ಡೈಕ್ಲೋಫಿನಾಕ್ ನಾಯಿಗೆ ಹೊಟ್ಟೆಲಿ ಹುಣ್ಣು ಮಾಡ್ತವೆ, ಕಿಡ್ನಿ ಕೆಡಿಸ್ತವೆ. ನಾಯಿಗಂತಲೇ ಕಾರ್ಪ್ರೊಫೆನ್ ಥರದ ಔಷಧಿ ಇದೆ, ಅದೂ ಡಾಕ್ಟರ್ ತೂಕ ನೋಡಿ, ರಕ್ತ ಪರೀಕ್ಷೆ ಮಾಡಿ ಕೊಡ್ಬೇಕಾದ್ದು.

ನನ್ನ ಕೇಳಿದ್ರೆ ಔಷಧಿಗಿಂತ ಮೊದಲು ತೂಕ ಇಳಿಸ್ಬೇಕು. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 48 ಲ್ಯಾಬ್ರಡಾರ್‌ಗಳನ್ನ ಮರಿಯಿಂದ ಸಾಯೋವರೆಗೂ ನೋಡಿದ್ರು, ಅರ್ಧ ನಾಯಿಗಳಿಗೆ ಉಳಿದವಕ್ಕಿಂತ ಶೇ 25ರಷ್ಟು ಕಮ್ಮಿ ಊಟ, ಅವು ಹತ್ತಿರ ಹತ್ತಿರ 2 ವರ್ಷ ಹೆಚ್ಚು ಬದುಕಿದ್ವು, ಕೀಲು ಸವೆತವೂ ತಡವಾಗಿ ಬಂತು. ಪಕ್ಕೆಲುಬು ಕೈಗೆ ಸಲೀಸಾಗಿ ಸಿಗ್ಬೇಕು, ಸಿಗ್ಲಿಲ್ಲ ಅಂದ್ರೆ ತಟ್ಟೆ ನಾವೇ ಜಾಸ್ತಿ ತುಂಬ್ತಿದೀವಿ ಅಂತ. ಹಾಗಂತ ವಾಕಿಂಗ್ ನಿಲ್ಲಿಸ್ಬೇಡಿ, ಬೆಲ್ಟ್ ಹಾಕಿ ನಿಧಾನಕ್ಕೆ, ಸ್ವಲ್ಪ ಸ್ವಲ್ಪ ದೂರ, ದಿನಾ. ಚೆಂಡು ಎಸೆದು ಗಕ್ಕನೆ ತಿರುಗಿಸೋ ಆಟ ಬೇಡ. ಜಾರೋ ನೆಲಕ್ಕೆ ಮ್ಯಾಟ್ ಹಾಸಿ. ಇನ್ನು ದೊಡ್ಡ ತಳಿ ಮರಿಗೆ ಮೂಳೆ ಗಟ್ಟಿ ಆಗ್ಲಿ ಅಂತ ಕ್ಯಾಲ್ಸಿಯಂ ಡಬ್ಬ ಡಬ್ಬ ಸುರಿಯೋರು ಇದಾರೆ, ಅತಿಯಾದ್ರೆ ಮೂಳೆ ಬೆಳವಣಿಗೆನೇ ಕೆಡುತ್ತೆ.

ದೊಡ್ಡ ನಾಯಿ ಕಾಲಲ್ಲಿ ಗಟ್ಟಿ ಊತ ಬಂದು ಕುಂಟ್ತಾ ಇದ್ರೆ ಮಾತ್ರ ಎಣ್ಣೆ ತಿಕ್ಕೊಂಡು ಕೂರ್ಬೇಡಿ, ಮೂಳೆ ಕ್ಯಾನ್ಸರ್ ಇದ್ರೂ ಇರ್ಬಹುದು, ತಕ್ಷಣ ಎಕ್ಸ್‌ರೇ ಮಾಡಿಸಿ. ನಿಮ್ಮ ಪತ್ರಿಕೇಲಿ ಪಶುವೈದ್ಯರ ಕೈಲಿ ವಾರಕ್ಕೊಂದು ಕಾಲಂ ಬರೆಸಿದ್ರೆ ನಾಯಿ ಸಾಕಿರೋರು ಮೊದಲು ಆ ಪುಟನೇ ತೆಗೀತಾರೆ.

ಇಂತಿ,
ನಿಮ್ಮ ಓದುಗ