ಆ ಕೋಣೆಯೊಳಗೆ ಕ್ಯಾಮೆರಾ ಬೇಡ

ಮಾನ್ಯ ಸಂಪಾದಕರೇ,

ದೆವ್ವ ಬಿಡಿಸಲು ಕಥೋಲಿಕ ಗುರುಗಳು ನಡೆಸುವ ಪ್ರಾರ್ಥನಾ ವಿಧಿಯನ್ನು ಚಿತ್ರೀಕರಿಸಿ ಎಲ್ಲರಿಗೂ ತೋರಿಸಬೇಕು ಎಂಬ ಮಾತು ಆಗಾಗ ಕೇಳಿಬರುತ್ತದೆ. ವಿಶೇಷವೆಂದರೆ ಎರಡೂ ಕಡೆಯವರು ಇದನ್ನೇ ಕೇಳುತ್ತಾರೆ. ಸೈತಾನ ನಿಜವಾಗಿ ಇದ್ದಾನೆ ಎಂದು ಲೋಕ ನೋಡಲಿ ಎನ್ನುವವರು ಕೆಲವರು. ಮುಚ್ಚಿದ ಬಾಗಿಲ ಹಿಂದೆ ಏನು ನಡೆಯುತ್ತದೆ ಎಂಬುದು ಬಯಲಾಗಲಿ ಎನ್ನುವವರು ಇನ್ನು ಕೆಲವರು. ನಾನೂ ಕಥೋಲಿಕ ಕ್ರೈಸ್ತನೇ. ಈ ಪ್ರಾರ್ಥನೆಯನ್ನು ಸುಳ್ಳು ಎಂದು ತಳ್ಳಿಹಾಕುವವನಲ್ಲ. ಆದರೂ ಆ ದೃಶ್ಯ ಜನರ ಮುಂದೆ ಬರಲೇಬಾರದು ಎಂಬುದು ನನ್ನ ಗಟ್ಟಿ ನಿಲುವು.

ನಿಯಮ ಈಗಾಗಲೇ ಇದೆ. 1614ರಿಂದ ಬಳಕೆಯಲ್ಲಿದ್ದ ವಿಧಿಯನ್ನು ವ್ಯಾಟಿಕನ್ ತಿದ್ದಿ 1999ರಲ್ಲಿ ಹೊರತಂದಿತು. ಅಲ್ಲಿದ್ದವರಿಗೆ ಇದೊಂದು ಪ್ರದರ್ಶನವಾಗಬಾರದು, ವಿಧಿ ನಡೆಯುವಾಗ ಮಾಧ್ಯಮದವರನ್ನು ಒಳಗೆ ಬಿಡಬಾರದು, ಮುಗಿದ ಮೇಲೂ ಸುದ್ದಿ ಹಬ್ಬಿಸಬಾರದು ಎಂದು ಅದರ ಪೀಠಿಕೆಯೇ ಹೇಳುತ್ತದೆ. ಬಿಷಪರ ವಿಶೇಷ ಅನುಮತಿ ಇಲ್ಲದೆ ಯಾವ ಗುರುವೂ ಇದನ್ನು ಮಾಡುವಂತಿಲ್ಲ.

ಆದರೂ ಕ್ಯಾಮೆರಾ ಒಳಗೆ ಹೋಗಿದೆ. 1991ರ ಏಪ್ರಿಲ್‌ನಲ್ಲಿ ಅಮೆರಿಕದ ಎಬಿಸಿ ಚಾನೆಲ್ ಫ್ಲಾರಿಡಾದ 16 ವರ್ಷದ ಹುಡುಗಿಯೊಬ್ಬಳ ಮೇಲೆ ನಡೆದ ಭೂತೋಚ್ಚಾಟನೆಯನ್ನು ಇಡೀ ದೇಶಕ್ಕೆ ತೋರಿಸಿತು. ಅದೂ ಅಲ್ಲಿನ ಬಿಷಪರ ಒಪ್ಪಿಗೆಯಿಂದ. 2016ರಲ್ಲಿ ರೋಮ್ ಧರ್ಮಪ್ರಾಂತ್ಯದ ಹೆಸರಾಂತ ಭೂತೋಚ್ಚಾಟಕ ಫಾದರ್ ಗೇಬ್ರಿಯೆಲೆ ಅಮೋರ್ತ್ ಒಬ್ಬ ಮಹಿಳೆಗಾಗಿ ಪ್ರಾರ್ಥಿಸುವುದನ್ನು ಸಿನಿಮಾ ನಿರ್ದೇಶಕ ವಿಲಿಯಂ ಫ್ರೀಡ್ಕಿನ್ ಚಿತ್ರೀಕರಿಸಿದರು. ಮರುವರ್ಷ ಅದು ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಅಷ್ಟರಲ್ಲಿ ಫಾದರ್ ಅಮೋರ್ತ್ ತೀರಿಕೊಂಡಿದ್ದರು. ಆ ಮಹಿಳೆ ಬದುಕಿದ್ದರು.

ಒಪ್ಪಿಗೆ ಪಡೆದೇ ತೋರಿಸುತ್ತಾರಲ್ವಾ ಎಂದು ಕೇಳಬಹುದು. ಯಾರ ಒಪ್ಪಿಗೆ? ಆ ಹೊತ್ತಿನಲ್ಲಿ ಅರಚುತ್ತಿರುವುದು, ಬೈಯುತ್ತಿರುವುದು ವಿಧಿಗೆ ಒಳಗಾದ ಹೆಣ್ಣಲ್ಲ, ಅವಳೊಳಗಿನ ದೆವ್ವ ಎಂಬುದೇ ಧರ್ಮಸಭೆಯ, ಅಂದರೆ ಚರ್ಚಿನ, ನಂಬಿಕೆ. ಅವಳ ಮನಸ್ಸು ಕಾಯಿಲೆಯ ಹಿಡಿತದಲ್ಲಿದೆ ಎಂಬುದು ವೈದ್ಯರ ವಾದ. ಇವೆರಡರಲ್ಲಿ ಯಾವುದನ್ನು ಒಪ್ಪಿದರೂ, ಕ್ಯಾಮೆರಾ ನಿಲ್ಲಿಸಿ ಎಂದು ಹೇಳುವ ಸ್ಥಿತಿಯಲ್ಲಿ ಅವಳಿಲ್ಲ. ಹಿಂದಿನ ದಿನ ಹಾಕಿದ ಸಹಿ ಆ ಒಂದು ಗಂಟೆಗೆ ಹೇಗೆ ಸಾಕಾಗುತ್ತದೆ? ಅವಳು ವಾಸಿಯಾಗಿ ಎದ್ದ ಮೇಲೆ ಓದಬೇಕು, ಕೆಲಸಕ್ಕೆ ಹೋಗಬೇಕು, ನಾಲ್ಕು ಜನರ ಮಧ್ಯೆ ಬಾಳಬೇಕು. ಆ ವಿಡಿಯೊ ಮಾತ್ರ ಅಳಿಯದೆ ಉಳಿದೇ ಇರುತ್ತದೆ. ಪಾಪನಿವೇದನೆಯ, ಅಂದರೆ ಗುರುಗಳ ಮುಂದೆ ಗುಟ್ಟಾಗಿ ಪಾಪ ಹೇಳಿಕೊಳ್ಳುವ, ಮಾತನ್ನು ಧ್ವನಿಮುದ್ರಿಸಿ ಮಾಧ್ಯಮದಲ್ಲಿ ಬಯಲು ಮಾಡಿದವರಿಗೆ ಧರ್ಮಸಭೆಯಿಂದ ಬಹಿಷ್ಕಾರ ಎಂದು ವ್ಯಾಟಿಕನ್ 1988ರಲ್ಲಿ ಆದೇಶ ಹೊರಡಿಸಿತು. ಪಾಪ ಹೇಳಿಕೊಳ್ಳುವವನಿಗೆ ಇರುವ ರಕ್ಷಣೆ, ನೆಲದ ಮೇಲೆ ಒದ್ದಾಡುತ್ತಿರುವವಳಿಗೂ ಬೇಡವೇ?

ಇನ್ನು ಸಾಕ್ಷಿಯ ಮಾತು. ದೆವ್ವ ಹಿಡಿದಿದೆ ಎನ್ನಲು ವಿಧಿ ಪುಸ್ತಕ ಹೇಳುವ ಲಕ್ಷಣಗಳೇ ಬೇರೆ: ಕಲಿಯದ ಭಾಷೆಯಲ್ಲಿ ಮಾತಾಡುವುದು, ಗುಟ್ಟಾಗಿರುವ ಸಂಗತಿ ಹೇಳುವುದು, ವಯಸ್ಸಿಗೆ ಮೀರಿದ ಬಲ. ಇವು ಕಂಡರೂ ಖಚಿತ ಎನ್ನಬೇಡಿ ಎಂದೇ ಅದು ಎಚ್ಚರಿಸುತ್ತದೆ. ಕ್ಯಾಮೆರಾಕ್ಕೆ ಸಿಗುವುದು ಕಿರುಚಾಟ ಮತ್ತು ಸೆಳೆತ ಮಾತ್ರ. ನಂಬುವವರು ಅದರಲ್ಲಿ ದೆವ್ವ ನೋಡುತ್ತಾರೆ, ನಂಬದವರು ಕಾಯಿಲೆ ನೋಡುತ್ತಾರೆ. 2013ರ ಮೇ ತಿಂಗಳಲ್ಲಿ ವ್ಯಾಟಿಕನ್‌ನ ಸಂತ ಪೇತ್ರರ ಚೌಕದಲ್ಲಿ ಪೋಪ್ ಫ್ರಾನ್ಸಿಸ್ ಗಾಲಿಕುರ್ಚಿಯಲ್ಲಿದ್ದ ಒಬ್ಬರ ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಅಷ್ಟು ದೃಶ್ಯ ಹಿಡಿದುಕೊಂಡು, ಪೋಪ್ ದೆವ್ವ ಬಿಡಿಸಿದರು ಎಂದು ಇಟಲಿಯ ಬಿಷಪರದ್ದೇ ಆದ ಟಿವಿ ಚಾನೆಲ್ ಹೇಳಿತು. ನೋವಿನಲ್ಲಿದ್ದವರಿಗಾಗಿ ಪ್ರಾರ್ಥಿಸಿದರು, ಅಷ್ಟೇ ಎಂದು ವ್ಯಾಟಿಕನ್ ಸ್ಪಷ್ಟಪಡಿಸಿತು. ಚಾನೆಲ್‌ನ ಮುಖ್ಯಸ್ಥರು ಕ್ಷಮೆ ಕೇಳಿದರು. ಆದರೆ ಅಷ್ಟರಲ್ಲಿ ಆ ವ್ಯಕ್ತಿಯ ಮುಖ ಜಗತ್ತಿನ ಪತ್ರಿಕೆಗಳಲ್ಲೆಲ್ಲಾ ಬಂದಾಗಿತ್ತು. ಕೆಲವೇ ಕ್ಷಣಗಳ ದೃಶ್ಯಕ್ಕೆ ಇಷ್ಟಾಯಿತು.

ಕ್ಯಾಮೆರಾ ಇದ್ದರೆ ಅನ್ಯಾಯ ತಪ್ಪುತ್ತದೆ ಎನ್ನುವವರ ಮಾತಿಗೆ ಮಾತ್ರ ನಾನು ತಲೆಬಾಗುತ್ತೇನೆ. ಅವರ ಕಾಳಜಿ ಪ್ರಾಮಾಣಿಕವಾದದ್ದು. ಹಾಗಾಗಿ ಜರ್ಮನಿಯ ಕ್ಲಿಂಗೆನ್‌ಬರ್ಗ್‌ನ ಪ್ರಕರಣವನ್ನು ಅವರ ಮುಂದಿಡಬೇಕು. ಆ ಯುವತಿಯ ಹೆಸರು ಬಹಳ ಜನಕ್ಕೆ ಗೊತ್ತು, ಆದರೆ ನಾನು ಬರೆಯುವುದಿಲ್ಲ. ಅವಳು ಕಾಲೇಜು ವಿದ್ಯಾರ್ಥಿನಿ. ಮೂರ್ಛೆರೋಗಕ್ಕೆ ವರ್ಷಗಟ್ಟಲೆ ಔಷಧಿ ತೆಗೆದುಕೊಂಡವಳು. 1975ರಿಂದ 1976ರವರೆಗೆ, ಸುಮಾರು 10 ತಿಂಗಳಲ್ಲಿ ಅವಳ ಮೇಲೆ 67 ಬಾರಿ ಈ ವಿಧಿ ನಡೆಯಿತು. ಊಟ ಬಿಟ್ಟಳು. 1976ರ ಜುಲೈ 1ರಂದು ಸತ್ತಾಗ ಅವಳಿಗೆ 23 ವರ್ಷ. ತೂಕ ಸುಮಾರು 30 ಕಿಲೊ. 1978ರಲ್ಲಿ ನ್ಯಾಯಾಲಯ ಇಬ್ಬರು ಗುರುಗಳನ್ನೂ ಹೆತ್ತವರನ್ನೂ ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದವರು ಎಂದು ತೀರ್ಪು ಕೊಟ್ಟಿತು.

ಅಲ್ಲಿ ರೆಕಾರ್ಡಿಂಗ್ ಇರಲಿಲ್ಲವೇ? ಇತ್ತು. 40ಕ್ಕೂ ಹೆಚ್ಚು ಟೇಪುಗಳಲ್ಲಿ ಅವಳ ಅರಚಾಟ ತುಂಬಿಕೊಂಡಿತ್ತು. ಟೇಪ್ ರೆಕಾರ್ಡರ್ ತಿರುಗುತ್ತಲೇ ಇತ್ತು, ಅವಳು ಸೊರಗುತ್ತಲೇ ಹೋದಳು. ಕೊನೆಯ ದಿನಗಳಲ್ಲಿ ಅವಳ ಪಕ್ಕದಲ್ಲಿ ಇರಬೇಕಾಗಿದ್ದದ್ದು ವೈದ್ಯರು, ಅವರನ್ನು ಯಾರೂ ಕರೆಸಲಿಲ್ಲ. ಇವತ್ತು ಆ ಧ್ವನಿಯ ತುಣುಕುಗಳನ್ನು ಜನ ಹೆದರಿಕೆಯ ಮಜಾಕ್ಕೆ ಇಂಟರ್‌ನೆಟ್‌ನಲ್ಲಿ ಕೇಳುತ್ತಾರೆ. ಹಸಿವಿನಿಂದ ಸತ್ತ ಹುಡುಗಿಯ ದನಿ ಅದು. ಇದನ್ನು ನೆನೆದಾಗಲೆಲ್ಲಾ ನನಗೆ ಸಂಕಟವಾಗುತ್ತದೆ.

ಹಾಗಾದರೆ ಎಲ್ಲ ಗುಟ್ಟಾಗಿಯೇ ಇರಲಿ ಎನ್ನುತ್ತಿದ್ದೇನೆಯೇ? ಖಂಡಿತ ಇಲ್ಲ. ಕ್ಲಿಂಗೆನ್‌ಬರ್ಗ್‌ನಲ್ಲಿ ಗುಟ್ಟೂ ಅಷ್ಟೇ ಕೆಡುಕು ಮಾಡಿತು. ಬಯಲಾಗಬೇಕಾದದ್ದು ರೋಗಿಯ ಮುಖವಲ್ಲ, ಬಿಷಪರ ಕಚೇರಿಯ ಲೆಕ್ಕ. ವರ್ಷಕ್ಕೆ ಎಷ್ಟು ಜನ ಕೇಳಿಕೊಂಡು ಬಂದರು, ಎಷ್ಟು ಜನರನ್ನು ಆಸ್ಪತ್ರೆಗೆ ಕಳಿಸಿದಿರಿ, ಎಷ್ಟು ಕಡೆ ವಿಧಿ ನಡೆಯಿತು, ಅವರಲ್ಲಿ ಮಕ್ಕಳಿದ್ದರೇ? ಹೆಸರು ಬಿಟ್ಟು ಇಷ್ಟನ್ನೂ ಪ್ರತಿ ಧರ್ಮಪ್ರಾಂತ್ಯ ಪ್ರಕಟಿಸಲಿ. ವೈದ್ಯರನ್ನು, ಮನೋವೈದ್ಯರನ್ನು ಕೇಳಿ ಎಂದು 1999ರ ವಿಧಿಯೂ ಹೇಳುತ್ತದೆ. ಆ ಮಾತು ಪುಸ್ತಕದಲ್ಲೇ ಉಳಿಯದಿರಲಿ. ಗುರುಗಳು ಆ ವ್ಯಕ್ತಿಯ ಜೊತೆ ಒಬ್ಬರೇ ಇರಬಾರದು ಎಂದು ಅಮೆರಿಕದ ಬಿಷಪರ ಮಂಡಳಿ ಸಲಹೆ ಕೊಟ್ಟಿದೆ. ಅದು ಎಲ್ಲ ಕಡೆ ಕಡ್ಡಾಯವಾಗಲಿ, ಆ ಇನ್ನೊಬ್ಬರು ಮನೆಯವರೂ ಅಲ್ಲದ, ಚರ್ಚಿನವರೂ ಅಲ್ಲದ ವೈದ್ಯರಾಗಿರಲಿ. ಅನ್ನ ನೀರು ಬಿಟ್ಟವರನ್ನು ಕಂಡ ಕೂಡಲೇ ವಿಧಿ ನಿಲ್ಲಿಸಿ ಆಸ್ಪತ್ರೆಗೆ ಸೇರಿಸುವ ಅಧಿಕಾರ ಆ ವೈದ್ಯರಿಗೆ ಇರಲಿ.

ಚಿಕಿತ್ಸೆಗೆ ರೆಕಾರ್ಡಿಂಗ್ ಬೇಕು ಎಂದು ವೈದ್ಯರೇ ಕೇಳಿದರೆ ಮಾಡಿಕೊಳ್ಳಲಿ. ಅದು ವೈದ್ಯರ ಬಳಿಯೇ ಇರಲಿ. ಅಳಿಸಿಬಿಡಿ ಎಂದು ಹೇಳುವ ಹಕ್ಕು ಮಾತ್ರ ಆ ವ್ಯಕ್ತಿಯದ್ದಾಗಿರಲಿ, ಅವರು ವಾಸಿಯಾದ ಮೇಲೆ, ಯಾವಾಗ ಬೇಕಾದರೂ.

ಇಂತಿ,
ಒಬ್ಬ ಓದುಗ